ಹತ್ತಿರದ ಯೂನಿವರ್ಸಿಟಿ, ದೂರದ ಯೂನಿವರ್ಸಿಟಿ

(ತಾಲ್ಲೂಕು ಕೇಂದ್ರದ ವಿದ್ಯಾರ್ಥಿ ನಿಲಯದಲ್ಲಿ, ಡಿಗ್ರಿ ಕೊನೇ ವರ್ಷದವರ ಮುಂದೆ ಒಬ್ಬ ನಿವೃತ್ತ ಅರ್ಥಶಾಸ್ತ್ರ ಮೇಷ್ಟ್ರು ಆಡಿದ ಮಾತು. ಆಡಿದ ಹಾಗೇ ಬರೆದುಕೊಂಡಿದೆ, ಅಲ್ಲಲ್ಲಿ ಮಾತ್ರ ತಿದ್ದಿದೆ.)

ಗೆಳೆಯರೆ, ಹೆಣ್ಣುಮಕ್ಕಳ ಹಾಸ್ಟೆಲಿನಿಂದ ನಡೆದು ಬಂದಿರುವ ತಂಗಿಯರೆ,

'ಉನ್ನತ ಶಿಕ್ಷಣದ ಅವಕಾಶಗಳು' ಅನ್ನೋ ವಿಷಯ ಕೊಟ್ಟು ನನ್ನನ್ನ ಕರೆದಿದ್ದಾರೆ. ಆ ಹೆಸರಿನ ಭಾಷಣ ನೀವು ಬೇಕಾದಷ್ಟು ಕೇಳಿದ್ದೀರಿ. ಚೆನ್ನಾಗಿ ಓದಿ, ಮುಂದೆ ಬನ್ನಿ, ಬಾಬಾಸಾಹೇಬರ ಹಾಗೆ ಆಗಿ ಅಂತ ಹೇಳಿ ಹಾರ ಹಾಕಿಸಿಕೊಂಡು ಹೋಗ್ತಾರೆ. ಯಾವ ಊರಿಗೆ ಹೋಗಿ ಓದಬೇಕು, ಅಲ್ಲಿ ಯಾರ ಪಕ್ಕ ಕೂತು ಉಣ್ಣಬೇಕು ಅನ್ನೋದನ್ನ ಯಾರೂ ಹೇಳೋದಿಲ್ಲ. ನಾನು ಈವತ್ತು ಅದನ್ನೇ ಮಾತಾಡ್ತೀನಿ. ನಮ್ಮ ಮನೆಯ ಒಂದು ವಿಷಯ ನಿಮ್ಮ ಮುಂದೆ ಇಡ್ತೀನಿ.

ನಮ್ಮಕ್ಕನ ಮಗಳು ಈ ವರ್ಷ ಬಿ.ಎ. ಮುಗಿಸಿದಳು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಬೇಕು ಅಂತ ಎರಡು ಕಡೆ ಅರ್ಜಿ ಹಾಕಿದಳು. ಎರಡು ಕಡೆಯೂ ಸೀಟು ಬಂದಿದೆ. ಒಂದು, ನಮ್ಮ ಊರಿಂದ ಬಸ್ಸಿನಲ್ಲಿ ಎರಡು ಗಂಟೆ ದಾರಿ. ಇನ್ನೊಂದು ಹೊರರಾಜ್ಯದಲ್ಲಿ, ರೈಲಿನಲ್ಲಿ ಒಂದು ರಾತ್ರಿ ಒಂದು ಹಗಲು. ಎರಡರ ಹೆಸರೂ ಹೇಳೋದಿಲ್ಲ. ಹೇಳಿದರೆ ಅಲ್ಲಿರೋ ಮೇಷ್ಟ್ರುಗಳು ನನ್ನ ಮೇಲೆ ಮುನಿಸಿಕೊಳ್ತಾರೆ, ಅದಲ್ಲದೆ ಇದು ಆ ಎರಡೇ ಯೂನಿವರ್ಸಿಟಿಗಳ ಕತೆಯೂ ಅಲ್ಲ. ಹತ್ತಿರದ್ದು, ದೂರದ್ದು ಅಂತಲೇ ಕರೆಯೋಣ. ಬರುವ ಶನಿವಾರದೊಳಗೆ ಯಾವುದಾದರೂ ಒಂದಕ್ಕೆ ಫೀಜು ಕಟ್ಟಬೇಕು.

ಹತ್ತಿರದ ಯೂನಿವರ್ಸಿಟಿಯಲ್ಲಿ ನಮ್ಮ ಹುಡುಗರು ತುಂಬಾ ಇದ್ದಾರೆ. ನಮ್ಮ ಕೇರಿಯವರೇ ಮೂವರು. ಹಾಸ್ಟೆಲಿನಲ್ಲಿ ರಾಗಿಮುದ್ದೆ ಸಿಗುತ್ತೆ. ಏಪ್ರಿಲ್ 14 ಬಂದರೆ ರಾತ್ರಿಯೆಲ್ಲ ತಮಟೆ, ಹಾಡು. ಜ್ವರ ಬಂದರೆ ನಮ್ಮಕ್ಕ ಬೆಳಗಿನ ಬಸ್ಸು ಹತ್ತಿ ಹೋಗಿ ಗಂಜಿ ಕಾಯಿಸಿಕೊಟ್ಟು ಸಂಜೆ ಬಸ್ಸಿಗೆ ವಾಪಸು ಬರಬಹುದು. ಆದರೆ ಆ ವಿಭಾಗದಲ್ಲಿ ಕಾಯಂ ಮೇಷ್ಟ್ರು ಒಬ್ಬರೇ ಉಳಿದಿದ್ದಾರೆ. ಮಿಕ್ಕವರೆಲ್ಲ ಅತಿಥಿ ಉಪನ್ಯಾಸಕರು. ಪಾಪ, ಅವರಲ್ಲೂ ನಮ್ಮ ಹುಡುಗರೇ ಹೆಚ್ಚು. ಪಾಠಕ್ಕೆ ಇಷ್ಟು ಅಂತ ಕಾಸು, ಅದೂ ತಿಂಗಳಾನುಗಟ್ಟಲೆ ಬಾಕಿ. ಅವರನ್ನ ದೂರೋಕೆ ನನಗೆ ಮನಸ್ಸಿಲ್ಲ. ಆದರೆ ನಾಳೆ ಇವಳು ಪಿಎಚ್.ಡಿ. ಮಾಡ್ತೀನಿ ಅಂದರೆ ಗೈಡ್ ಯಾರು? ಲೈಬ್ರರಿ ಸಂಜೆ ಬೇಗ ಮುಚ್ಚುತ್ತೆ. ಹೊಸ ಪುಸ್ತಕ ಕೇಳಿದರೆ ಇಂಡೆಂಟ್ ಹಾಕಿದ್ದೀವಿ ಅಂತಾರೆ.

ದೂರದ್ದರಲ್ಲಿ ಮೇಷ್ಟ್ರು ತುಂಬಿದ್ದಾರೆ. ಲೈಬ್ರರಿ ನಡುರಾತ್ರಿಯ ತನಕ ತೆರೆದಿರುತ್ತೆ. ಪ್ರತಿವರ್ಷ ನೆಟ್, ಜೆ.ಆರ್.ಎಫ್. ಪಾಸು ಮಾಡೋರಿದ್ದಾರೆ. ಊಟ ಬೇರೆ, ಮಾತು ಬೇರೆ, ಎಲ್ಲ ಇಂಗ್ಲಿಷು. ನಮ್ಮ ಹುಡುಗಿ ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲಿ ಓದಿದವಳು.

ಅವಳು ನನ್ನ ಕೇಳಿದಳು: "ಮಾವ, ನೀವೇನ್ ಹೇಳ್ತೀರಿ?"

ಈ ಪ್ರಶ್ನೆಗೆ ನಾನು ಮೂವತ್ತು ವರ್ಷ ಒಂದೇ ಉತ್ತರ ಹೇಳಿಕೊಂಡು ಬಂದವನು. ಕಾಲೇಜಿನಲ್ಲಿ ನಮ್ಮ ಹುಡುಗರು ಯಾರು ಬಂದು ಕೇಳಿದರೂ "ಹತ್ತಿರದಲ್ಲೇ ಓದ್ರಪ್ಪ, ನಮ್ಮವರು ಇರೋ ಕಡೆ ಓದ್ರಪ್ಪ" ಅಂತಿದ್ದೆ. ಕಾರಣ ಯಾರಿಗೂ ಹೇಳಿರಲಿಲ್ಲ. ಈವತ್ತು ಹೇಳ್ತೀನಿ.

1984ರಲ್ಲಿ ನನಗೂ ಹೀಗೇ ಎರಡು ಕಡೆ ಸೀಟು ಬಂದಿತ್ತು. ನಾನು ದೂರದ್ದಕ್ಕೆ ಹೋದೆ. ಆ ಊರಿನ ಹೆಸರೂ ಬೇಡ. ನಮ್ಮಪ್ಪ ಒಂದು ಕಡಸು ಮಾರಿ ಟ್ರಂಕು, ಹೊದಿಕೆ, ರೈಲು ಚಾರ್ಜು ಹೊಂದಿಸಿದ. ಅಲ್ಲಿ ರೂಮಿಗೆ ಇಬ್ಬರು. ನನ್ನ ಜೊತೆ ಹಾಕಿದ್ದ ಹುಡುಗ ಮೊದಲ ದಿನ ಊರು ಕೇಳಿದ, ಎರಡನೇ ದಿನ ಅಪ್ಪನ ಕೆಲಸ ಕೇಳಿದ, ಮೂರನೇ ದಿನ ರೂಮು ಬದಲಾಯಿಸಿಕೊಂಡ. ಜಗಳ ಆಡಲಿಲ್ಲ, ಬಯ್ಯಲಿಲ್ಲ. ಬಹಳ ಮರ್ಯಾದೆಯ ಹುಡುಗ. ಬೆಡ್ಡಿಂಗು ಸುತ್ತಿಕೊಂಡು ಹೋದ, ಅಷ್ಟೆ. ಮೆಸ್ಸಿನಲ್ಲಿ ಉದ್ದ ಟೇಬಲ್ಲುಗಳು. ನಾನು ಕೂತ ಕಡೆ ಆಮೇಲೆ ಬಂದವರು ಬೇರೆ ಟೇಬಲ್ಲಿಗೆ ಹೋಗೋರು. ಯಾರೂ ಏಳು ಅನ್ನಲಿಲ್ಲ. ಕ್ಲಾಸಿನಲ್ಲಿ ಒಬ್ಬರು ಪ್ರೊಫೆಸರು, ನಾನು ಇಂಗ್ಲಿಷಿನಲ್ಲಿ ತಡವರಿಸಿದಾಗ, ನೀನು ಯಾವ ಲಿಸ್ಟಿನಲ್ಲಿ ಬಂದವನಪ್ಪ ಅಂತ ಎಲ್ಲರ ಮುಂದೆ ಕೇಳಿದರು. ಕ್ಲಾಸು ನಕ್ಕಿತು.

ಹಳ್ಳಿ ಹೋಟ್ಲಲ್ಲಿ ಬೇರೆ ಲೋಟ ಇಟ್ಟರೆ ಲೋಟ ತೋರಿಸಿ ಕೇಸು ಹಾಕಬಹುದು. ಖಾಲಿ ಕುರ್ಚಿ ತೋರಿಸಿ ಯಾವ ಸ್ಟೇಷನ್ನಿಗೆ ಹೋಗೋದು?

ಆ ಮೆಸ್ಸಿನಲ್ಲಿ ನನ್ನ ಜೊತೆ ಕೂತು ಉಣ್ಣುತ್ತಿದ್ದವನು ಒಬ್ಬನೇ, ಆಂಧ್ರದ ಕಡೆಯ ಮಾದಿಗರ ಹುಡುಗ. ಅವನಿಗೆ ಕನ್ನಡ ಬರದು, ನನಗೆ ತೆಲುಗು ಬರದು. ಇಬ್ಬರದೂ ಹರಕು ಇಂಗ್ಲಿಷು. ಅದರಲ್ಲೇ ಜಗತ್ತೆಲ್ಲ ಮಾತಾಡ್ತಿದ್ದೆವು.

ಇನ್ನೊಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಸುಳ್ಳು ಹೇಳಿದ ಹಾಗೆ ಆಗುತ್ತೆ. ಆ ಲೈಬ್ರರಿಯಂಥ ಲೈಬ್ರರಿ ನಾನು ಮತ್ತೆ ನೋಡಲಿಲ್ಲ. ಬಾಬಾಸಾಹೇಬರು ಬರೆದ ರೂಪಾಯಿಯ ಸಮಸ್ಯೆಯ ಪುಸ್ತಕ, ಹಳೇ ಪ್ರತಿ, ಪುಟ ಹಳದಿಯಾಗಿತ್ತು, ಅದನ್ನ ಅಲ್ಲಿ ಮೊದಲು ಕೈಯಲ್ಲಿ ಹಿಡಿದೆ. ಅಲ್ಲಿಯ ತನಕ ನನಗೆ ಬಾಬಾಸಾಹೇಬರು ಅಂದರೆ ಕೋಟು ಹಾಕಿದ ಫೋಟೋ, ಕೈಯಲ್ಲಿ ಸಂವಿಧಾನ. ಅವರು ನನ್ನ ಸಬ್ಜೆಕ್ಟಿನವರು, ಚಿನ್ನ, ಬೆಳ್ಳಿ, ನಾಣ್ಯದ ಮೌಲ್ಯದ ಬಗ್ಗೆ ದೊಡ್ಡ ದೊಡ್ಡವರ ಜೊತೆ ವಾದ ಮಾಡಿದವರು ಅಂತ ಗೊತ್ತಾದದ್ದು ಅಲ್ಲಿ. ಅರ್ಧ ಅರ್ಥ ಆಯ್ತು, ಅರ್ಧ ಆಗಲಿಲ್ಲ. ಮುಗಿಸಲೂ ಇಲ್ಲ.

ಯಾಕೆಂದರೆ ಫೆಬ್ರವರಿಯಲ್ಲಿ ನಾನು ವಾಪಸು ಬಂದುಬಿಟ್ಟೆ. ಒಂದು ಭಾನುವಾರ ಯಾರ ಹತ್ತಿರವೂ ಒಂದು ಮಾತೂ ಆಡದೆ ಕಳೆದಿತ್ತು. ಸೋಮವಾರ ಟ್ರಂಕು ಎತ್ತಿಕೊಂಡೆ. ಬಸ್ ಸ್ಟಾಂಡಿಗೆ ಅಪ್ಪ ಬಂದಿದ್ದ. ಏನೂ ಕೇಳಲಿಲ್ಲ. ಟ್ರಂಕನ್ನ ತಲೆ ಮೇಲೆ ಇಟ್ಟುಕೊಂಡು ಮುಂದೆ ನಡೆದ. ಮುಂದಿನ ವರ್ಷ ಹತ್ತಿರದ ಯೂನಿವರ್ಸಿಟಿಗೆ ಸೇರಿದೆ. ಗೆಳೆಯರು ಸಿಕ್ಕರು, ಸಂಘ ಸಿಕ್ಕಿತು, ಗೋಡೆ ಬರಹ ಬರೆದೆ, ಮೆರವಣಿಗೆ ಹೋದೆ, ಎಂ.ಎ. ಆಯ್ತು, ಕೆಲಸ ಆಯ್ತು. ಮನುಷ್ಯನಾಗಿ ಬದುಕಿದೆ. ಅಲ್ಲಿ ಆ ರೂಪಾಯಿ ಪುಸ್ತಕ ಕೇಳಿದೆ. ಕ್ಯಾಟಲಾಗಿನಲ್ಲೇ ಇರಲಿಲ್ಲ.

ಆ ಆಂಧ್ರದ ಗೆಳೆಯ ಒಂದು ಕಾರ್ಡು ಬರೆದಿದ್ದ. ನೀನು ಹೋದ ಮೇಲೆ ಟೇಬಲ್ಲಿನಲ್ಲಿ ನಾನೊಬ್ಬನೇ ಆಗಿದ್ದೇನೆ, ಅಂತ. ಬೇರೇನೂ ಇರಲಿಲ್ಲ. ಬಯ್ಗುಳವೂ ಇರಲಿಲ್ಲ. ನಾನು ಉತ್ತರ ಬರೆಯಲಿಲ್ಲ. ನಾಚಿಕೆ. ಅವನು ಅಲ್ಲೇ ಉಳಿದ, ಮುಗಿಸಿದ, ಮುಂದೆ ದೊಡ್ಡ ಪ್ರೊಫೆಸರ್ ಆದ. ಹೇಗೆ ಉಳಿದ ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ.

ಈಗ ಬಾಬಾಸಾಹೇಬರ ಕತೆಗೆ ಬರ್ತೀನಿ. ಅವರ ಓದಿನ ಕತೆಯನ್ನ ನಮ್ಮ ಭಾಷಣಗಳಲ್ಲಿ ಡಿಗ್ರಿಗಳ ಪಟ್ಟಿ ಮಾಡಿಬಿಟ್ಟಿದ್ದೀವಿ. ಪಟ್ಟಿ ಬಿಟ್ಟು ರೂಮು ಮತ್ತು ಊಟ ಹಿಡಿದು ನೋಡಿ, ಬೇರೆ ಕತೆ ಕಾಣುತ್ತೆ.

1913ರಲ್ಲಿ ಬರೋಡಾ ಮಹಾರಾಜರ ಸ್ಕಾಲರ್‌ಷಿಪ್ಪಿನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಗೆ ಹೋದರು. ವಯಸ್ಸು 22. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಮೊದಲು ಇಳಿದುಕೊಂಡದ್ದು ಹಾರ್ಟ್ಲಿ ಹಾಲ್ ಅನ್ನೋ ಹಾಸ್ಟೆಲಿನಲ್ಲಿ. ಅಲ್ಲಿಯ ಊಟ ಒಗ್ಗಲಿಲ್ಲ. ಒಂದು ವಾರಕ್ಕೇ ಬಿಟ್ಟು ಕಾಸ್ಮೊಪಾಲಿಟನ್ ಕ್ಲಬ್ಬಿಗೆ ಹೋದರು, ಅಲ್ಲಿ ಹಿಂದೂಸ್ತಾನದ ಹುಡುಗರು ಇದ್ದರು. ಅಲ್ಲಿಂದ ಲಿವಿಂಗ್‌ಸ್ಟನ್ ಹಾಲಿಗೆ ಹೋದರು, ಅಲ್ಲಿ ನವಲ್ ಭಾತೇನಾ ಅನ್ನೋ ಪಾರ್ಸಿ ಹುಡುಗ ಜೊತೆಗಾರನಾದ. ನೋಡಿ, ಅಂಥ ಬಾಬಾಸಾಹೇಬರೇ ಮೂರು ಕಡೆ ತಿರುಗಿ ಒಗ್ಗುವ ಜಾಗ ಹುಡುಕಿಕೊಂಡರು. ಹಾಸ್ಟೆಲ್ ಬದಲಾಯಿಸೋದು ಅವಮಾನ ಅಲ್ಲ. ನಾನು ರೂಮು ಬದಲಾಯಿಸುವ ಬದಲು ಯೂನಿವರ್ಸಿಟಿಯನ್ನೇ ಬಿಟ್ಟೆ.

ಕೊಲಂಬಿಯಾದಲ್ಲಿ ಅವರು ಹಸಿದವನ ಹಾಗೆ ಓದಿದರು. ಅರ್ಥಶಾಸ್ತ್ರದಲ್ಲೇ 29 ಕೋರ್ಸು, ಚರಿತ್ರೆಯಲ್ಲಿ 11, ಸಮಾಜಶಾಸ್ತ್ರ, ತತ್ತ್ವಶಾಸ್ತ್ರ, ಮಾನವಶಾಸ್ತ್ರ ಬೇರೆ. ಜಾನ್ ಡ್ಯೂಯಿ, ಸೆಲಿಗ್ಮನ್ ಪಾಠ ಹೇಳಿದರು. 1915ರಲ್ಲಿ ಎಂ.ಎ. ಆಯ್ತು. 1916ರ ಮೇ ತಿಂಗಳಲ್ಲಿ ಗೋಲ್ಡನ್‌ವೈಜರ್ ಅವರ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಊರಲ್ಲಿ ನೀರು ಮುಟ್ಟಬಾರದು ಅಂತಿದ್ದ ಜಾತಿಯ ಹುಡುಗ, ಜಾತಿಯನ್ನೇ ಮೇಜಿನ ಮೇಲಿಟ್ಟು ಬಿಚ್ಚಿ ತೋರಿಸಿದ, ಜನ ಕೂತು ಕೇಳಿದರು. ಅಲ್ಲಿ ಸಿಕ್ಕ ಗೆಳೆತನವನ್ನು ಅವರು ಕೊನೆತನಕ ನೆನೆಸಿಕೊಂಡರು.

ಲಂಡನ್ನಿನದು ಬೇರೆ. 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಸ್ಕಾಲರ್‌ಷಿಪ್ ಮುಗಿಯಿತು, 1917ರಲ್ಲಿ ಅರ್ಧಕ್ಕೇ ವಾಪಸು. ಪುಸ್ತಕಗಳನ್ನು ತುಂಬಿದ್ದ ಹಡಗನ್ನ ಯುದ್ಧದಲ್ಲಿ ಮುಳುಗಿಸಿಬಿಟ್ಟರು. ಬರೋಡಾದಲ್ಲಿ ಕೆಲಸಕ್ಕೆ ಸೇರಿದರೆ ಇರೋಕೆ ಮನೆ ಇಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿ ಛತ್ರದಲ್ಲಿ ಇದ್ದರು, ಗೊತ್ತಾದ ಮೇಲೆ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. 1918ರಲ್ಲಿ ಬೊಂಬಾಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರಾದರು, ಅಲ್ಲಿ ಮೇಷ್ಟ್ರುಗಳು ತಾವು ಕುಡಿಯುವ ಹೂಜಿಯ ನೀರು ಇವರು ಮುಟ್ಟಬಾರದು ಅಂತ ತಕರಾರು ತೆಗೆದರು. ಹೆಚ್ಚು ಓದಿದವರ ನಡುವೆ ಹೋದರೆ ಜಾತಿ ಕಡಿಮೆಯಾಗುತ್ತೆ ಅಂತ ಯಾರಾದರೂ ಹೇಳಿದರೆ ಈ ಹೂಜಿಯನ್ನ ನೆನೆಸಿಕೊಳ್ಳಿ.

ಸಂಬಳದಲ್ಲಿ ಉಳಿಸಿದ್ದು, ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಅದೇ ಭಾತೇನಾ ಕೊಟ್ಟ ಐದು ಸಾವಿರ ಸಾಲ, ಇಷ್ಟು ಹೊಂದಿಸಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಅಲ್ಲಿ ಬಾಡಿಗೆ ಮನೆಯೊಡತಿ ಕೊಡ್ತಿದ್ದ ತಿಂಡಿ ಹೊಟ್ಟೆಗೆ ಸಾಲದು, ರಾತ್ರಿ ಹಪ್ಪಳ ಸುಟ್ಟು ತಿಂದು ಓದು. ಹಗಲೆಲ್ಲ ಬ್ರಿಟಿಷ್ ಮ್ಯೂಸಿಯಂ ಲೈಬ್ರರಿ. 1922ರಲ್ಲಿ ಪ್ರಬಂಧ ಒಪ್ಪಿಸಿದರು, ತಿದ್ದಿ ಕೊಡಿ ಅಂದರು, ದುಡ್ಡು ಮುಗಿದು ಬೊಂಬಾಯಿಗೆ ಬಂದು ತಿದ್ದಿ ಕಳಿಸಿದರು, 1923ರಲ್ಲಿ ಡಿ.ಎಸ್ಸಿ. ಬಂತು. ನಾನು ಮುಗಿಸದೆ ಬಿಟ್ಟುಬಂದ ರೂಪಾಯಿ ಪುಸ್ತಕ ಅದೇ.

ಲಂಡನ್ನಿನಲ್ಲಿ ಕೊಲಂಬಿಯಾದಂಥ ಗೆಳೆತನ ಇರಲಿಲ್ಲ. ಆದರೂ ಹೋದರು. ಇದರಿಂದ ನಾವು, ಗೆಳೆತನ ಬೇಡ, ಹಪ್ಪಳ ತಿಂದು ಓದಿ ಅಂತ ತೀರ್ಮಾನ ಮಾಡಬಹುದು. ನಮ್ಮ ಭಾಷಣಕಾರರು ಹಾಗೇ ಹೇಳ್ತಾರೆ. ಆದರೆ ಸ್ವಲ್ಪ ತಡೆಯಿರಿ. ಲಂಡನ್ನಿಗೆ ಎರಡನೇ ಸಲ ಹೋಗೋ ಹೊತ್ತಿಗೆ ಅವರು 29 ವರ್ಷದವರು, ಕೊಲಂಬಿಯಾದ ಬಲ ಬೆನ್ನಿಗಿತ್ತು, ಸಾಲ ಕೊಟ್ಟ ಗೆಳೆಯನೂ ಆ ಹಾಸ್ಟೆಲಿನವನೇ. ಇಪ್ಪತ್ತೆರಡರ ಹುಡುಗ ನೇರವಾಗಿ ಆ ಹಪ್ಪಳದ ಕೋಣೆಗೆ ಹೋಗಿದ್ದರೆ? ನನಗೆ ಗೊತ್ತಿಲ್ಲ. ಒಂದು ಮಾತ್ರ ಗೊತ್ತು. ಅಧಿಕಾರ ಬಂದಾಗ ಅವರು 1946ರಲ್ಲಿ ಬೊಂಬಾಯಿಯಲ್ಲಿ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನಲ್ಲಿ ಇನ್ನೊಂದು ಕಾಲೇಜು ಕಟ್ಟಿಸಿದರು. ನಾನು ಸಹಿಸಿದೆ, ನೀವೂ ಸಹಿಸಿ ಅಂತ ಸುಮ್ಮನಾಗಲಿಲ್ಲ.

ಇನ್ನು ನಮ್ಮ ಕಾಲಕ್ಕೆ ಬನ್ನಿ. ದಿಲ್ಲಿಯ ಏಮ್ಸ್ ಆಸ್ಪತ್ರೆ ಕಾಲೇಜಿನಲ್ಲಿ ನಮ್ಮ ಹುಡುಗರು ಕಿರುಕುಳ ತಾಳಲಾರದೆ ಹಾಸ್ಟೆಲಿನ ಒಂದು ಮೂಲೆಗೆ ಸರಿದು ಗುಂಪಾಗಿ ಇರಬೇಕಾಗಿದೆ ಅಂತ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಆಮೇಲೆ 2012ರಲ್ಲಿ ಯು.ಜಿ.ಸಿ. ನಿಯಮ ಬಂತು, ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯದ ದೂರು ಕೇಳೋ ಅಧಿಕಾರಿ ಇರಬೇಕು ಅಂತ. ಹೈದರಾಬಾದಿನ ಕೇಂದ್ರೀಯ ಯೂನಿವರ್ಸಿಟಿಯಲ್ಲಿ 1993ರಿಂದ ಅಂಬೇಡ್ಕರ್ ವಿದ್ಯಾರ್ಥಿ ಸಂಘ ಇತ್ತು, ಗಟ್ಟಿ ಸಂಘ. ಅಲ್ಲೇ ಐದು ಜನರನ್ನ ಹಾಸ್ಟೆಲಿನಿಂದ ಹೊರಗೆ ಹಾಕಿದರು. ಅವರು ಬಯಲಲ್ಲಿ ವೆಲಿವಾಡ ಕಟ್ಟಿಕೊಂಡು ಕೂತರು, ವೆಲಿವಾಡ ಅಂದರೆ ನಮ್ಮ ಹೊಲಗೇರಿ. 2016ರ ಜನವರಿ 17ರಂದು ರೋಹಿತ್ ವೇಮುಲ ಪ್ರಾಣ ಬಿಟ್ಟ. ಈ ಹೆಸರು ನಮ್ಮಕ್ಕನಿಗೂ ಗೊತ್ತು. ಮಗಳ ಸೀಟಿನ ಸುದ್ದಿ ಕೇಳಿದಾಗ ಅವಳು ಮೊದಲು ಕೇಳಿದ್ದು ಫೀಜು ಎಷ್ಟು ಅಂತ ಅಲ್ಲ. "ಆ ಹುಡುಗ ಸತ್ತನಲ್ಲ, ಅಂಥ ಕಡೆನಾ?" ಅಂತ.

ಹಾಗಾದರೆ ಹತ್ತಿರದ್ದು ಕ್ಷೇಮವೋ? 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಬೂಸಾ ಅಂದ ಮಾತಿಗೆ ಗಲಾಟೆ ಎದ್ದದ್ದು ನಮ್ಮ ಮೈಸೂರಿನಲ್ಲೇ, ಬೆಂಗಳೂರಿನಲ್ಲೇ. ಹಾಸ್ಟೆಲಿನ ಹುಡುಗರನ್ನ ಹುಡುಕಿ ಹೊಡೆದರು. ಹೊಡೆದವರೂ ಕನ್ನಡ ಮಾತಾಡೋರೇ, ಮುದ್ದೆ ಉಣ್ಣೋರೇ. ಆಮೇಲೆ ಹತ್ತಿರದ ಯೂನಿವರ್ಸಿಟಿಗಳು ನಮಗೆ ಒಗ್ಗಿದ್ದರೆ, ಅದು ತಾನಾಗಿ ಒಗ್ಗಿದ್ದಲ್ಲ. ಏಟು ತಿಂದ ಹುಡುಗರು ಸಂಘ ಕಟ್ಟಿ ಒಗ್ಗಿಸಿಕೊಂಡದ್ದು. ನಾನು 1985ರಲ್ಲಿ ಸೇರಿದಾಗ ನನಗೆ ಸಿಕ್ಕ ಗೆಳೆತನವನ್ನ ನನಗಿಂತ ಮೊದಲಿನವರು ಸಂಪಾದಿಸಿಟ್ಟಿದ್ದರು. ನಾನು ಅದನ್ನ ತಿಂದೆ. ಆ ದೂರದ ಟೇಬಲ್ಲಿಗೆ ನಾನು ಏನೂ ಸೇರಿಸದೆ ಎದ್ದು ಬಂದೆ. ಇದು ನನಗೆ ಈಗ, ತಲೆಕೂದಲೆಲ್ಲ ಬೆಳ್ಳಗಾದ ಮೇಲೆ ಹೊಳೀತಾ ಇದೆ.

ಆದರೆ ಈ ಮಾತನ್ನ ನಮ್ಮ ಹುಡುಗಿ ಮೇಲೆ ಹೇರೋದು ಸರಿಯೇ? ಅವಳೇನು ನನ್ನ ಸಾಲ ತೀರಿಸೋಕೆ ಹುಟ್ಟಿದವಳಲ್ಲ. ಅದಕ್ಕೆ ನಾವಿಬ್ಬರೂ ಕೂತು ವಿಚಾರಿಸೋ ಕೆಲಸ ಮಾಡಿದೆವು. ನೀವೂ ಮಾಡಿ. ಯೂನಿವರ್ಸಿಟಿಯ ಬಣ್ಣದ ಪುಸ್ತಕ ಓದಬೇಡಿ, ಅದರಲ್ಲಿ ಎಲ್ಲರೂ ಹುಲ್ಲಿನ ಮೇಲೆ ಕೂತು ನಗ್ತಾ ಇರ್ತಾರೆ. ಅಲ್ಲಿ ಓದ್ತಿರೋ ನಮ್ಮವರ ನಂಬರ್ ಹುಡುಕಿ ಫೋನ್ ಮಾಡಿ. ಜಾತಿ ಕಿರುಕುಳ ಇದೆಯಾ ಅಂತ ಕೇಳಿದರೆ ಇಲ್ಲ ಅಂತಾರೆ, ನಾಚಿಕೆ ಇರುತ್ತೆ. ಹಾಗೆ ಕೇಳಬೇಡಿ. ರಾತ್ರಿ ಜ್ವರ ಬಂದರೆ ಯಾರ ಬಾಗಿಲು ತಟ್ಟುತ್ತೀಯ ಅಂತ ಕೇಳಿ. ನಿನ್ನೆ ರಾತ್ರಿ ಯಾರ ಜೊತೆ ಉಂಡೆ ಅಂತ ಕೇಳಿ. ಕಳೆದ ನಾಲ್ಕೈದು ವರ್ಷದಲ್ಲಿ ನಮ್ಮವರು ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಅರ್ಧಕ್ಕೆ ಬಿಟ್ಟವರು ಯಾರು, ಅವರ ನಂಬರ್ ಇದೆಯಾ ಅಂತ ಕೇಳಿ. ಬಿಟ್ಟವನ ಹತ್ತಿರ ಸಿಗೋ ಸುದ್ದಿ ಪ್ರಿನ್ಸಿಪಾಲರ ಹತ್ತಿರ ಸಿಗೋದಿಲ್ಲ. ಆ ಸಮಾನ ಅವಕಾಶ ಕೋಶ ಎಲ್ಲಿದೆ, ಬಾಗಿಲಿಗೆ ಬೀಗವೋ, ಒಳಗೆ ಮನುಷ್ಯ ಇದ್ದಾನೋ ಕೇಳಿ. ಗೈಡ್‌ಗಳು ನಮ್ಮವರನ್ನ ತೆಗೆದುಕೊಳ್ತಾರೋ ಇಲ್ಲವೋ ಕೇಳಿ.

ದುಡ್ಡಿನ ಲೆಕ್ಕ ಬೇರೆ ಹಾಕಿ. ಹೊರರಾಜ್ಯದಲ್ಲಿ ಓದಿದರೂ ಮೆಟ್ರಿಕ್ ನಂತರದ ಸ್ಕಾಲರ್‌ಷಿಪ್ ನಿಮ್ಮ ಸ್ವಂತ ರಾಜ್ಯದಿಂದಲೇ ಬರಬೇಕು, ಹೊರಗೆ ಹೋದರೆ ತಪ್ಪುತ್ತೆ ಅಂತ ಯಾರೋ ಹೇಳಿದ್ದನ್ನ ನಂಬಬೇಡಿ. ಆದರೆ ಅದು ಬರೋ ಹೊತ್ತಿಗೆ ಪರೀಕ್ಷೆ ಮುಗಿದಿರಬಹುದು. ಮೊದಲ ಆರು ತಿಂಗಳು ಕೈಯಿಂದ ಎಷ್ಟು ಬೇಕು, ಅದನ್ನ ಬರೆದಿಡಿ. ಕೇಂದ್ರೀಯ ಯೂನಿವರ್ಸಿಟಿಗೆ ಜಾತಿ ಸರ್ಟಿಫಿಕೇಟ್ ಕೇಂದ್ರ ಸರ್ಕಾರದ ನಮೂನೆಯಲ್ಲಿ ಬೇಕು. ಅದಕ್ಕೆ ತಾಲ್ಲೂಕು ಆಫೀಸಿಗೆ ಈಗಲೇ ಅಲೆಯಿರಿ, ಕೊನೇ ವಾರದಲ್ಲಿ ಅಲ್ಲ.

ಇಂಗ್ಲಿಷಿನ ವಿಷಯ ಒಂದೇ ಮಾತು. ಮೊದಲ ವರ್ಷ ನರಕ. ಎರಡನೇ ವರ್ಷದ ಬಗ್ಗೆ ನಾನು ಹೇಳಲಾರೆ, ನೋಡಲಿಲ್ಲವಲ್ಲ.

ನಮ್ಮ ಹುಡುಗಿ ದೂರದ ಯೂನಿವರ್ಸಿಟಿಯ ಒಬ್ಬಳು ಹುಡುಗಿಯ ನಂಬರ್ ಸಂಪಾದಿಸಿ ಫೋನ್ ಮಾಡಿದಳು. ಕಲಬುರಗಿ ಕಡೆಯವಳು. ನಾನು ಪಕ್ಕದಲ್ಲೇ ಕೂತಿದ್ದೆ. ಇವಳು ಕೇಳಿದಳು: "ಅಕ್ಕಾ, ಅಲ್ಲಿ ಕನ್ನಡದ ನಮ್ಮ ಹುಡುಗಿಯರು ಎಷ್ಟು ಮಂದಿ ಇದ್ದೀರಿ?" ಆ ಕಡೆಯಿಂದ ಅವಳು ನಕ್ಕಳು. "ಇಬ್ಬರು ಇದ್ದೆವ್ವಾ. ಹೋದ ತಿಂಗಳು ಒಬ್ಬಾಕಿ ಊರಿಗೆ ಹೋದಾಕಿ ಬಂದಿಲ್ಲ. ಬರ್ತಾಳೋ ಇಲ್ಲೋ."

ನಾನು ಎದ್ದು ಹೊರಗೆ ಹೋದೆ. ಆ ಕಾರ್ಡು ನೆನಪಾಯ್ತು.

ಅವಳು ಇನ್ನೂ ತೀರ್ಮಾನ ಮಾಡಿಲ್ಲ. ನಾನೂ ಹೇಳಿಲ್ಲ. "ಮಗಾ, ಕಣ್ಣಲ್ಲಿ ನೋಡದೆ ಬೇಡ" ಅಂದೆ, ಅಷ್ಟೆ. ನಾಳೆ ರಾತ್ರಿ ರೈಲಿಗೆ ಇಬ್ಬರೂ ಹೊರಡ್ತಾ ಇದ್ದೀವಿ. ಒಂದು ದಿನ ಅಲ್ಲಿದ್ದು, ಮೆಸ್ಸಿನಲ್ಲಿ ಊಟ ಮಾಡಿ, ಲೈಬ್ರರಿ ನೋಡಿ, ಆ ಕಲಬುರಗಿಯ ಹುಡುಗಿ ಜೊತೆ ಕೂತು ಮಾತಾಡಿ, ಅಲ್ಲಿಂದಲೇ ಒಂದು ಕಡೆಗೆ ದುಡ್ಡು ಕಟ್ಟೋದು. ದುಡ್ಡು ಹೊಂದಿಸಿದ್ದೀವಿ. ಅಕ್ಕ ಮಹಿಳಾ ಸಂಘದಲ್ಲಿ ಸಾಲ ಎತ್ತಿದಳು, ಮಿಕ್ಕದ್ದು ನನ್ನ ಪೆನ್ಷನ್ನು. ಹತ್ತಿರದ ಯೂನಿವರ್ಸಿಟಿಯ ಚಲನ್ನೂ ತುಂಬಿ ಇಟ್ಟುಕೊಂಡಿದ್ದಾಳೆ, ಬ್ಯಾಗಿನಲ್ಲಿದೆ.

ಹೋಗಿ ಬಂದ ಮೇಲೆ ಯಾವುದಕ್ಕೆ ಕಟ್ಟಿದಳು ಅಂತ ನಿಮ್ಮ ವಾರ್ಡನ್ನರಿಗೆ ಫೋನ್ ಮಾಡಿ ಹೇಳ್ತೀನಿ. ಈಗ ನೀವು ಕೇಳೋದಿದ್ದರೆ ಕೇಳಿ. ಮೊದಲು ಹಿಂದಿನ ಸಾಲಿನಲ್ಲಿ ಕೂತಿರೋ ಹೆಣ್ಣುಮಕ್ಕಳು ಕೇಳಲಿ, ಅವರು ಎಂಟು ಗಂಟೆಯೊಳಗೆ ಹಾಸ್ಟೆಲ್ ಸೇರಬೇಕಂತೆ.

ಜೈ ಭೀಮ್.